ಡಿಕ್ಕಿಯಲ್ಲಿದ್ದ ಸಣ್ಣ ಚಕ್ರ

ನಮ್ಮಪ್ಪ ನನ್ನನ್ನು ಮೊದಲ ಸಲ ಕಳ್ಳಿ ಅಂತ ಕರೆದದ್ದು ಹಾಸನದ ನಮ್ಮ ಮನೆಯ ಗೇಟಿನ ಹತ್ತಿರ, ಹಾಲು ಹಾಕುವವನ ಎದುರಿಗೆ. ಕಾರಿನ ಡಿಕ್ಕಿ ತೆರೆದಿತ್ತು. ಅಪ್ಪ ಅದರೊಳಗೆ ಬೆರಳು ಮಾಡಿ ತೋರಿಸುತ್ತಾ, "ನೋಡಯ್ಯಾ, ಒಳ್ಳೇ ಸ್ಟೆಪ್ನೀನ ಮಾರ್ಕಂಡು ಈ ಮಕ್ಳಾಡೋ ಚಕ್ರ ತಂದು ಮಡ್ಗವ್ಳೆ. ನನ್ ಮಗಳೇ ಕಳ್ಳಿ ಕಣಯ್ಯಾ," ಅಂದ. ಹಾಲಿನವನು ನನ್ನ ಮುಖ ನೋಡಿದ. ನಾನು ನಕ್ಕುಬಿಟ್ಟೆ. ಆಮೇಲೆ ಒಳಗೆ ಹೋಗಿ ಹಾಲು ಕಾಯಲಿಟ್ಟೆ. ಅದು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ಗೊತ್ತಾಗದೆ ನಿಂತಿದ್ದೆ.

ನನ್ನ ಕಾರಿನ ಸ್ಟೆಪ್ನಿ ಸಣ್ಣದು ಅನ್ನುವುದು ನಿಜ. ಈಗಿನ ಎಷ್ಟೋ ಕಾರುಗಳಲ್ಲಿ ಹಾಗೆಯೇ. ನಾಲ್ಕು ಚಕ್ರವನ್ನು ಠೀವಿಯಾಗಿ ಕೊಟ್ಟು, ಐದನೆಯದನ್ನು ಬಡಕಲು ಮಾಡಿ, ಡಿಕ್ಕಿಯ ಗುಂಡಿಯಲ್ಲಿ ಮಲಗಿಸಿ, ಮೇಲೊಂದು ಹಲಗೆ ಮುಚ್ಚಿ ಕಳಿಸುತ್ತಾರೆ. ಪಂಕ್ಚರ್ ಅಂಗಡಿಯವರೆಗೆ ತೆವಳಿಕೊಂಡು ಹೋಗಲು ಸಾಕು, ಜೋರಾಗಿ ಓಡಿಸಬೇಡಿ ಅಂತ ಅದರ ಮೇಲೆ ಹಳದಿ ಚೀಟಿಯನ್ನೂ ಅಂಟಿಸಿರುತ್ತಾರೆ. ಹೊಳೆನರಸೀಪುರದ ಆಫೀಸಿಗೆ ದಿನಾ ಅದೇ ಕಾರಿನಲ್ಲಿ ಹೋಗಿಬರುವ ನಾನು ಒಂದು ದಿನವೂ ಆ ಹಲಗೆ ಎತ್ತಿ ನೋಡಿದವಳಲ್ಲ. ನೋಡಿದ್ದು ಅಪ್ಪ.

ಅಪ್ಪ ಗೊರೂರಿನಲ್ಲಿ ಸರ್ಕಾರಿ ಜೀಪಿನ ಡ್ರೈವರ್ ಆಗಿದ್ದ. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ, ಅವನಿಗೆ ಒಬ್ಬಳೇ ಮಗಳಾಗಿ. ಬೆಳಿಗ್ಗೆ ಜೀಪು ತೆಗೆಯುವ ಮುಂಚೆ ಅವನು ನೀರು, ಆಯಿಲ್ ನೋಡಿ, ಒಂದೊಂದು ಟೈರಿಗೂ ಮುಷ್ಟಿ ಕಟ್ಟಿ ಗುದ್ದಿ ಸದ್ದು ಕೇಳುತ್ತಿದ್ದ. ಕೊನೆಯ ಗುದ್ದು ಹಿಂದೆ ತಗುಲಿಸಿದ್ದ ಸ್ಟೆಪ್ನಿಗೆ. ಅದಾದ ಮೇಲೇ ಕಾಫಿ. ಅವನ ಜೊತೆಯ ಡ್ರೈವರ್ ಒಬ್ಬನ ಸ್ಟೆಪ್ನಿ ಯಾವುದೋ ಊರಿನ ಲಾಡ್ಜಿನ ಮುಂದೆ ಕಳುವಾಗಿತ್ತಂತೆ. ಆತನೇ ಮಾರಿಕೊಂಡ ಅಂತ ನಮ್ಮ ಬೀದಿಯೆಲ್ಲ ಆಡಿಕೊಂಡಿತು. ಆತ ಸಾಯುವವರೆಗೂ ಹಿಂದಿನಿಂದ 'ಸ್ಟೆಪ್ನಿ ಕಳ್ಳ' ಅಂತಲೇ ಅನ್ನಿಸಿಕೊಂಡ. ಎಲ್ಲರೂ ನಗುವಾಗ ಅಪ್ಪ ಮಾತ್ರ ನಗುತ್ತಿರಲಿಲ್ಲ. ಆ ಹೆಸರು ತನಗೂ ಅಂಟೀತು ಅನ್ನುವ ಭಯ ಅವನಿಗೆ ರಿಟೈರ್ ಆಗುವ ದಿನದವರೆಗೂ ಇತ್ತು.

ಮರೆವು ಶುರುವಾದಾಗ ಅವನು ಮೊದಲು ಮರೆತದ್ದು ಊಟ ಮಾಡಿದ್ದನ್ನು. ಆಮೇಲೆ ಅಮ್ಮ ತೀರಿಕೊಂಡದ್ದನ್ನು. ಅಮ್ಮ ಎಲ್ಲಿ ಅಂತ ಕೇಳಿದಾಗಲೆಲ್ಲ ನಾನು ಹೊಸದಾಗಿ ಹೇಳಬೇಕು, ಅವನು ಹೊಸದಾಗಿ ಅಳಬೇಕು. ಕಡೆಗೆ ಸಾಕಾಗಿ, ತವರಿಗೆ ಹೋಗಿದ್ದಾಳೆ ಅನ್ನತೊಡಗಿದೆ. ಒಂದೊಂದೇ ಉದುರಿಹೋಗಿ ಅವನಿಗೆ ಉಳಿದದ್ದು ಮೂರು: ಜೀಪು, ಸಾಹೇಬರು ಮತ್ತು ನಾನು. ನನ್ನನ್ನು ಮರೆಯುವುದಿಲ್ಲ ಬಿಡು ಅಂತ ನನಗೆ ಒಳಗೊಳಗೇ ಜಂಬವೂ ಇತ್ತು.

ಕಾರು ಬಂದ ಮೇಲೆ ಅವನ ಬೆಳಗಿನ ಕೆಲಸ ಮತ್ತೆ ಶುರುವಾಯಿತು. ನಾಲ್ಕು ಚಕ್ರಕ್ಕೂ ಗುದ್ದಿ, ಡಿಕ್ಕಿ ತೆಗೆಸಿ, ಹಲಗೆ ಎತ್ತಿದ. "ಇದ್ಯಾವ ಸ್ಕೂಟ್ರು ಚಕ್ರ ಮಡ್ಗಿದ್ದೀಯವ್ವಾ?" ಅಂತ ಮೊದಮೊದಲು ತಮಾಷೆ ಮಾಡಿದ. ನಾನು ವಿವರಿಸಿದೆ, ಅವನು ತಲೆಯಾಡಿಸಿದ. ಮರುದಿನ ಮತ್ತೆ ಅದೇ ಪ್ರಶ್ನೆ. ದಿನ ಕಳೆದಂತೆ ತಮಾಷೆ ಹೋಗಿ ಗಾಬರಿ ಬಂತು, ಗಾಬರಿ ಹೋಗಿ ಅನುಮಾನ ಬಂತು. ಡಿಕ್ಕಿಗೆ ಬೀಗ ಹಾಕಿ ಇಟ್ಟರೆ, ಮುಚ್ಚಿಡುತ್ತಿದ್ದಾಳೆ ಅಂತ ರಂಪ. ನಾನು ಬಡಿಸಿದ ಅನ್ನ ಮುಟ್ಟದೆ ಕೂತುಬಿಡುತ್ತಿದ್ದ. "ಸಾಯೇಬ್ರು ಬಂದ್ ಕೇಳುದ್ರೆ ಏನ್ ಯೋಳ್ಲಿ? ನಾನ್ ಮಾರ್ಕಂಡೆ ಅಂತಾರಲ್ಲವ್ವಾ," ಅಂತ ಗೋಗರೆಯುತ್ತಿದ್ದ. ಅವನು ಬೈದರೆ ತಡೆದುಕೊಳ್ಳಬಹುದಿತ್ತು. ಗೋಗರೆದರೆ ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಲಿ ಅನ್ನಿಸುತ್ತಿತ್ತು.

ಅರಕಲಗೂಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾನು ಆಫೀಸಿಗೆ ಹೋದಾಗ ಅಪ್ಪನನ್ನು ನೋಡಿಕೊಳ್ಳುವ ಹೆಂಗಸು ರಜಾದಿನ ಬರುತ್ತಿರಲಿಲ್ಲ. ಅವನನ್ನು ಒಬ್ಬನೇ ಬಿಟ್ಟು ಹೋಗುವ ಹಾಗಿರಲಿಲ್ಲ, ಕರೆದುಕೊಂಡು ಹೋದೆ. ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವನು ಪಾಯಸ ಬಡಿಸುವ ಹೊತ್ತಿಗೆ ಎದ್ದು ನಿಂತು, ನನ್ನ ಮಗಳು ಸ್ಟೆಪ್ನಿ ಕದ್ದು ಮಾರಿದ್ದಾಳೆ, ಯಾರಾದರೂ ಬುದ್ಧಿ ಹೇಳಿ ಅಂತ ಕೈ ಮುಗಿದ. ಕೆಲವರು ಎಲೆಯ ಮೇಲೆ ಬಗ್ಗಿ ನಗು ತಡೆದುಕೊಂಡರು. ಊಟವಾದ ಮೇಲೆ ಅಪ್ಪನ ತಂಗಿ, ನನ್ನ ಸೋದರತ್ತೆ, ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ನಿಮ್ಮವ್ವನ ಒಡವೆ ಗಿಡವೆ ಏನಾರಾ ಮಾರ್ದೇನವ್ವಾ? ಮನ್ಸಾಗೆ ಏನೂ ಇಲ್ದೆ ಅಣ್ಣಯ್ಯ ಅಂಗೆಲ್ಲಾ ಅಂದಾನಾ?"

ಅತ್ತೆಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಒಳ್ಳೆಯದನ್ನಂತೂ ಅಂದಿರಲಾರೆ, ಆಕೆ ಇವತ್ತಿಗೂ ಫೋನ್ ಮಾಡುವುದಿಲ್ಲ. ದಾರಿಯುದ್ದಕ್ಕೂ ಸಿಟ್ಟಿನಲ್ಲಿ ಮೈ ಉರಿಯುತ್ತಿತ್ತು. ಅಪ್ಪನ ಮೇಲಲ್ಲ, ಅತ್ತೆಯ ಮೇಲೂ ಅಷ್ಟಲ್ಲ, ಬೆನ್ನ ಹಿಂದೆ ಹಲಗೆಯ ಕೆಳಗೆ ತಣ್ಣಗೆ ಮಲಗಿದ್ದ ಆ ಬಡಕಲು ಚಕ್ರದ ಮೇಲೆ. ಅಪ್ಪನ ತಲೆಯನ್ನು ಸರಿ ಮಾಡಲು ಯಾವ ಡಾಕ್ಟರಿಂದಲೂ ಆಗಿರಲಿಲ್ಲ. ಆದರೆ ಚಕ್ರ ಬದಲಾಯಿಸಬಹುದಲ್ಲ. ಒಂದು ದಿನವಾದರೂ ಅವನು ನನ್ನನ್ನು ಕಳ್ಳಿ ಅನ್ನದೆ, ನನ್ನ ಕೈಯಿಂದ ನೆಮ್ಮದಿಯಾಗಿ ಉಂಡರೆ ಸಾಕಿತ್ತು. ನಾನು ಕೇಳಿದ್ದು ಅಷ್ಟೇ.

ಹಾಸನದ ಟೈರ್ ಅಂಗಡಿಯವನು ಡಿಕ್ಕಿ ನೋಡಿ ತಲೆ ಕೆರೆದುಕೊಂಡ. "ಟೈರೇನೋ ಕೊಡ್ತೀನಿ ಮೇಡಂ, ಅದುಕ್ಕೆ ಸರಿಯಾದ್ ರಿಮ್ ಬೇಕಲ್ಲ. ಬೋಲ್ಟಿನ ತೂತು ಕೂತ್ಕಬೇಕು. ಚನ್ರಾಯಪಟ್ಟಣದಾಗೆ ಆಕ್ಸಿಡೆಂಟ್ ಗಾಡಿ ಬಿಚ್ಚೋರವ್ರೆ, ಅಲ್ ನೋಡಿ. ಆದ್ರೆ ಈ ಗುಂಡಿಗೆ ದೊಡ್ಡುದು ಪೂರ್ತಿ ಇಳಿಯಲ್ಲ, ಹಲಗೆ ಮೇಲೆದ್ದು ನಿಂತ್ಕತದೆ." ನಿಂತುಕೊಳ್ಳಲಿ ಅಂದೆ.

ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಶಾಂತಿಗ್ರಾಮ ದಾಟುವವರೆಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಲಾರಿಯನ್ನು ಹಿಂದೆ ಹಾಕುವಾಗ, "ಮಗಾ, ಹಾರ್ನ್ ಒಡ್ದು ಓಗವ್ವಾ," ಅಂದ. ಗೊರೂರಿನ ಕ್ವಾರ್ಟರ್ಸಿನ ರಸ್ತೆಯಲ್ಲಿ ಡ್ರೈವಿಂಗ್ ಕಲಿಸುವಾಗ ಹೇಳುತ್ತಿದ್ದ ದನಿಯೇ ಅದು. ನನಗೆ ಖುಷಿಯಾಯಿತು. ಎಲ್ಲ ಸರಿಹೋಗುತ್ತದೆ ಅಂತ ಆ ರಸ್ತೆಯಲ್ಲಿ ನಿಜವಾಗಿಯೂ ನಂಬಿದ್ದೆ.

ಗುಜರಿ ಅಂಗಡಿಯ ಅಂಗಳದಲ್ಲಿ ನಜ್ಜುಗುಜ್ಜಾದ ಕಾರುಗಳ ಸಾಲು. ಅಂಗಡಿಯವನು ನಮ್ಮದೇ ಮಾಡೆಲ್ಲಿನ ಕಾರಿನಿಂದ ಬಿಚ್ಚಿದ್ದ ಚಕ್ರವೊಂದನ್ನು ಉರುಳಿಸಿಕೊಂಡು ಬಂದ. ಟೈರೂ ಅದರಲ್ಲೇ ಇತ್ತು, ಹೆಚ್ಚು ಸವೆದಿರಲಿಲ್ಲ. ಅಪ್ಪ ಅದನ್ನು ನೋಡಿದವನೇ ಧಾವಿಸಿಹೋಗಿ ತಬ್ಬಿಕೊಂಡ. "ನಮ್ದೇ ಕಣ್ಲಾ ಇದು! ಯಾರ್ಲಾ ತಂದ್ ಮಾರಿದ್ದು? ಯೋಳ್ಲಾ!" ಅಂತ ಅಂಗಡಿಯವನ ಕಾಲರಿಗೆ ಕೈ ಹಾಕಿದ. ಅವನೂ ಬಾಯಿ ಜೋರು ಮಾಡಲು ಹೊರಟವನು ನನ್ನ ಮುಖ ನೋಡಿ ತಣ್ಣಗಾದ. "ಯಾರೋ ತಂದ್ಕೊಟ್ರು ಯಜಮಾನ್ರೇ. ನಿಮ್ದಾದ್ರೆ ನೀವೇ ತಗಂಡೋಗಿ," ಅಂದ.

ಚಕ್ರ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಅಂಗಡಿಯವನು ಕಾರಿಗೆ ಜಾಕ್ ಕೊಟ್ಟು ಎತ್ತಿ, ಮುಂದಿನ ಚಕ್ರ ಬಿಚ್ಚಿ ಇದನ್ನು ಹಾಕಿದ. ಅಪ್ಪ ಸ್ಪ್ಯಾನರ್ ಕಸಿದುಕೊಂಡು ಎದುರುಬದುರಾಗಿ ಒಂದೊಂದೇ ಬೋಲ್ಟ್ ಬಿಗಿ ಮಾಡಿದ. ಸರಿಯಾಗಿ ಕೂತಿತು. ಮತ್ತೆ ಅದನ್ನು ಬಿಚ್ಚಿ, ಮುಂದಿನ ಚಕ್ರವನ್ನು ಮೊದಲಿನ ಹಾಗೆ ಹಾಕಿದರು. ಡಿಕ್ಕಿಯಿಂದ ಸಣ್ಣ ಚಕ್ರ ಹೊರಗೆ ಬಂತು, ಜಾಕ್ ಇಡುವ ಥರ್ಮೊಕೋಲ್ ಬಂತು, ದೊಡ್ಡದು ಒಳಗೆ ಇಳಿಯಿತು. ಹಲಗೆ ನಾಲ್ಕು ಬೆರಳು ಮೇಲೆದ್ದೇ ಕೂತಿತು. ಸಣ್ಣದನ್ನು ಹಿಂದಿನ ಸೀಟಿನ ಮೇಲೆ ಹಾಕಿಸಿಕೊಂಡೆ. ಅಪ್ಪ ದೊಡ್ಡದಕ್ಕೆ ಮುಷ್ಟಿಯಿಂದ ಗುದ್ದಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿ ನೋಡಿ ಎಷ್ಟು ಕಾಲವಾಗಿತ್ತೋ.

ಅವನು ಕೈ ಒರೆಸಿಕೊಂಡು, ಅಂಗಿಯ ಗುಂಡಿ ಸರಿಮಾಡಿಕೊಂಡು, ನನ್ನ ಮುಂದೆ ನೆಟ್ಟಗೆ ನಿಂತ.

"ಸ್ಟೆಪ್ನಿ ಸಿಕ್ತು ಮೇಡಂ. ತಮ್ಮಿಂದ ನನ್ ಮಾನ ಉಳೀತು."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. "ನಾನು ಕಣಪ್ಪಾ," ಅಂದೆ. ಅವನು ವಿನಯದಿಂದ ನಕ್ಕ, ದೊಡ್ಡವರು ಏನೋ ಅಂದಾಗ ಅರ್ಥವಾಗದಿದ್ದರೂ ನಗುತ್ತಾರಲ್ಲ ಹಾಗೆ. "ನಂಗೊಬ್ಳು ಮಗಳವ್ಳೆ ಮೇಡಂ. ಆ ಮಗೀನ ಸುಮ್ಸುಮ್ನೆ ಕಳ್ಳಿ ಅಂದ್ಬುಟ್ಟೆ. ಮನೇಗ್ ಓಗಿ ಮೊದ್ಲು ಅವ್ಳಿಗ್ ಯೋಳ್ಬೇಕು," ಅಂದ.

ವಾಪಸ್ ಬರುವಾಗ ಮಂಡಿಯ ಮೇಲೆ ಕೈ ಇಟ್ಟುಕೊಂಡು ಅಲುಗಾಡದೆ ಕೂತಿದ್ದ. ಬ್ರೇಕ್ ಒತ್ತಲಿಲ್ಲ, ಹಾರ್ನ್ ಹೊಡಿ ಅನ್ನಲಿಲ್ಲ. ಮೇಡಂ ಗಾಡಿ ಓಡಿಸುವಾಗ ಡ್ರೈವರ್ ಬುದ್ಧಿ ಹೇಳುತ್ತಾನೆಯೇ. ಮನೆ ತಲುಪಿದರೆ ಸರಿಹೋದಾನು ಅಂದುಕೊಂಡೆ. ಮನೆ ತಲುಪಿದ ಮೇಲೆ ಚಪ್ಪಲಿ ಬಿಟ್ಟು ವರಾಂಡದಲ್ಲೇ ಕೂತ. ಒಳಗೆ ಬಾ ಅಂದರೆ ಬರಲಿಲ್ಲ, ಅವನ ಪಾಲಿಗೆ ಅದು ಸಾಹೇಬರ ಮನೆ. ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟೆ. ಒಂದಗುಳೂ ಬಿಡದೆ ಉಂಡು, ತಟ್ಟೆಯನ್ನು ತಾನೇ ನಲ್ಲಿಯ ಹತ್ತಿರ ತೊಳೆದಿಟ್ಟು, "ನಾನಿನ್ನ್ ಬರ್ಲಾ ಮೇಡಂ? ಮಗಳೊಬ್ಳೇ ಕಾಯ್ಕಂಡಿರ್ತಾಳೆ," ಅಂತ ಕೇಳಿದ.

ನಾನು ಬೇಡಿದ್ದೆಲ್ಲ ಸಿಕ್ಕಿತ್ತು. ಕಳ್ಳಿ ಅನ್ನಲಿಲ್ಲ, ನೆಮ್ಮದಿಯಾಗಿ ಉಂಡ.

ಆಮೇಲಿನ ದಿನಗಳಲ್ಲೂ ಹಾಗೆಯೇ. ಡಾಕ್ಟರು, ಕೆಲವು ದಿನ ಗುರುತು ಸಿಗುತ್ತದೆ, ಕೆಲವು ದಿನ ಸಿಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಅಂದರು. ಬೇಜಾರು ಅನ್ನುವುದು ಬಸ್ಸು ತಪ್ಪಿದಾಗ ಆಗುವಂಥದ್ದು. ಇದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಅವನು ನನ್ನ ಬಗ್ಗೆ ನನ್ನ ಹತ್ತಿರವೇ ಮಾತಾಡುತ್ತಿದ್ದ. ಮಗಳು ಚೆನ್ನಾಗಿ ಓದುತ್ತಾಳೆ, ಅವಳಿಗೆ ಹುರಿಗಡಲೆ ಅಂದರೆ ಆಸೆ, ಇಷ್ಟೊತ್ತಾದರೂ ನನ್ನನ್ನು ಮನೆಗೆ ಬಿಡದೆ ಇಟ್ಟುಕೊಂಡಿದ್ದೀರಲ್ಲ ಮೇಡಂ ಅಂತ. ಹುರಿಗಡಲೆ ತಂದುಕೊಟ್ಟರೆ ಜೇಬಿಗೆ ಹಾಕಿಕೊಳ್ಳುತ್ತಿದ್ದ, ಮಗಳಿಗೆ.

ಕಳ್ಳಿಯಾಗಿದ್ದಾಗ ನಾನು ಅವನ ಮಗಳಾದರೂ ಆಗಿದ್ದೆ. ಬೈಯುವುದಕ್ಕಾದರೂ ಅವನಿಗೆ ನನ್ನ ಗುರುತಿತ್ತು. ಅದು ಹೊಳೆದದ್ದು ಆಫೀಸಿನಲ್ಲಿ, ಯಾರದೋ ಅರ್ಜಿ ನೋಡುತ್ತಾ ಕೂತಿದ್ದಾಗ. ಸಂಜೆ ಬಂದವಳೇ ಡಿಕ್ಕಿ ತೆಗೆದು, ದೊಡ್ಡ ಚಕ್ರದ ತಿರುಪು ಬಿಚ್ಚಿ, ಎರಡು ಕೈಯಲ್ಲೂ ಹಿಡಿದು ಎಳೆದೆ. ಭಾರಕ್ಕೆ ಸೊಂಟ ಹಿಡಿದುಕೊಂಡಿತು. ಅದನ್ನು ಹಿತ್ತಲಿಗೆ ಉರುಳಿಸಿ, ಸಣ್ಣದನ್ನು ತಂದು ಗುಂಡಿಯಲ್ಲಿ ಮಲಗಿಸಿದೆ. ಸೀರೆಯೆಲ್ಲ ಕರಿಯಾಗಿತ್ತು. ವರಾಂಡದಲ್ಲಿ ಕೂತಿದ್ದ ಅಪ್ಪನನ್ನು ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

"ನೋಡಪ್ಪಾ, ಸ್ಟೆಪ್ನಿ ನೋಡು."

ಅವನು ಬಗ್ಗಿ ನೋಡಿದ. ಹಳದಿ ಚೀಟಿಯ ಮೇಲೆ ಕೈಯಾಡಿಸಿದ. ಮುಷ್ಟಿ ಕಟ್ಟಿ ಒಮ್ಮೆ ಗುದ್ದಿ, ಸದ್ದು ಕೇಳಿದ.

"ಸರಿಯಾಗೈತೆ ಮೇಡಂ."

"ಸರಿಯಾಗಿಲ್ಲ ಕಣಪ್ಪಾ, ಇದು ಸಣ್ಣದು. ದೊಡ್ಡದನ್ನ ನಾನು ಕದ್ದಿದ್ದೀನಿ. ನಾನೇ ಕದ್ದು ಮಾರಿಬಿಟ್ಟೆ. ಬಯ್ಯಪ್ಪಾ ನನ್ನ."

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಎದುರು ಮನೆಯವರು ಬಾಗಿಲಿಗೆ ಬಂದರು. ಅಪ್ಪ ನನ್ನ ಕರಿಯಾದ ಸೀರೆಯನ್ನು ನೋಡಿದ, ಮುಖವನ್ನು ನೋಡಿದ. ಅವನ ಕಣ್ಣಲ್ಲಿ ಮರುಕವಿತ್ತು, ಯಾರೋ ಪರರ ಮನೆಯ ಹೆಂಗಸು ಅಳುವಾಗ ಬರುವಂಥದ್ದು.

"ಬಿಡ್ತು ಅನ್ನಿ. ತಾವ್ಯಾಕ್ ಕದೀತೀರಿ ಮೇಡಂ?" ಅಂದ.