ಹಕ್ಕಲಿಗೆ ಕೂತ ನಿಂಗಮ್ಮತ್ತೆ

ರೇಡಿಯೋದಲ್ಲಿ ಪೇಟೆ ಧಾರಣೆ ಶುರುವಾದರೆ ನಿಂಗಮ್ಮತ್ತೆ ಮಂಗಳಾರತಿಗೆ ನಿಲ್ಲುವ ಹಾಗೆ ಎದ್ದು ನಿಲ್ಲುತ್ತಿದ್ದಳು. ಹಾಸನದ ಆಲೂಗೆಡ್ಡೆ ರೇಟು ಬಿದ್ದಿತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇನ್ ಊರಿನ ಮ್ಯಾಲೆ ಒಂದು ಕಣ್ಣಿಡ್ಬೇಕು ಕಣ್ಲಾ" ಎನ್ನುವಳು. ಅವಳು ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಕಟ್ಟಾಯದ ಹತ್ತಿರದ ನಮ್ಮೂರಿಗೆ ಬಂದು, ಬೇಸಾಯವನ್ನೂ ಅಪ್ಪನನ್ನೂ ಒಟ್ಟಿಗೇ ಆಳಿದವಳು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಗೆಡ್ಡೆ ಕೇಳುವವರೇ ಇಲ್ಲವಾದರು. ಅರಕಲಗೂಡಿನ ಕಡೆಯ ಒಂದೂರಲ್ಲಿ ಎರಡು ಕೇರಿಯವರು ಹೊಡೆದಾಡಿ ಬಣವೆ ಸುಟ್ಟರು. ಹೊಳೆನರಸೀಪುರದ ಕಡೆ ತಣ್ಣಗಿತ್ತು. "ರೇಟು ಎಲ್ಲಾ ಕಡೆ ಬಿತ್ತಲ್ಲತ್ತೆ, ಬೆಂಕಿ ಅಲ್ಲೇ ಯಾಕೆ ಬಿತ್ತು?" ಎಂದು ಕೇಳಿದೆ.

"ಅಲ್ಲಿ ಅಕ್ಕಲು ನಿಲ್ಲಿಸಿದ್ರು ಕಣ್ಲಾ. ಕೂಲಿನೂ ಇಲ್ಲ, ಆಯೋಕೂ ಬುಡಾಕಿಲ್ಲ ಅಂದ್ರೆ ಜನ ಏನ್ ತಿಂದಾರು?"

ಗೆಡ್ಡೆ ಕಿತ್ತ ಹೊಲದಲ್ಲಿ ಮಣ್ಣಿನಡಿ ಉಳಿದದ್ದು ಕೂಲಿಗೆ ಬಂದವರ ಪಾಲು. ಅದೇ ಹಕ್ಕಲು. ಬೆಲೆ ಚೆನ್ನಾಗಿದ್ದಾಗ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಈಗ ಆಯ್ದ ಗೆಡ್ಡೆ ರಸ್ತೆ ಬದಿ ಮಾರಾಟಕ್ಕೆ ಬಂದು ಇದ್ದ ಬೆಲೆಯನ್ನೂ ಕೆಡಿಸುತ್ತದೆಂದು ನಮ್ಮೂರ ಹೊಲದವರೂ ಹಕ್ಕಲು ಬೇಡವೆಂದರು. ಅಪ್ಪನೇ ದೊಣ್ಣೆ ಹಿಡಿದು ಬದುವಿನ ಮೇಲೆ ನಿಂತ. ಕೂಲಿಕೇರಿಯ ಗಂಡಸರ ಕೈಯಲ್ಲಿ ಕಲ್ಲುಗಳಿದ್ದವು. ಅತ್ತೆ ನಡುವಿನ ಸಾಲಿಗಿಳಿದು, ಕುಕ್ಕರಗಾಲಲ್ಲಿ ಕೂತು, ತಾನೇ ಮಣ್ಣು ಕೆದಕತೊಡಗಿದಳು.

"ಎದ್ದೇಳಕ್ಕ, ಮರ್ವಾದೆ ಓಯ್ತದೆ" ಎಂದ ಅಪ್ಪ.

"ಒಡಿಯೋದಾದ್ರೆ ಮೊದ್ಲು ನಂಗೊಡಿ." ಆಯ್ದ ಗೆಡ್ಡೆಯನ್ನು ಆ ಕೇರಿಯ ಚೆನ್ನಿಯ ಮಡಿಲಿಗೆ ಸುರಿದು ಗಂಡಸರತ್ತ ತಿರುಗಿದಳು. "ನೀವೂ ಕಲ್ಲು ಬುಟ್ಟು ಬನ್ರಲಾ, ಒತ್ತಾಯ್ತು."

ಅಪ್ಪ ದೊಣ್ಣೆ ಬಿಸಾಕಿ ಮನೆಗೆ ನಡೆದ. ಆಮೇಲೆ ಎಷ್ಟೋ ದಿನ ಅಕ್ಕನ ಜೊತೆ ಮಾತು ಬಿಟ್ಟ, ಅವಳು ಬಡಿಸಿದ ಮುದ್ದೆ ಮಾತ್ರ ಬಿಡಲಿಲ್ಲ. ನನಗಂತೂ ಅವಳ ಬಗ್ಗೆ ಹೇಳಲಾರದಷ್ಟು ಹೆಮ್ಮೆಯಾಗಿತ್ತು.

ಕೆಲವು ವರ್ಷಗಳ ನಂತರ ಅತ್ತೆ ಹಾಸನದ ಆಸ್ಪತ್ರೆ ಸೇರಿದಳು. ಉಸಿರಾಟವೇ ಕಷ್ಟವಾಗಿತ್ತು. ಅವಳನ್ನು ನೋಡಲು ಬಂದ ಯಾರೋ, ರೇಟು ಮತ್ತೆ ಬಿದ್ದು ಊರಲ್ಲಿ ಹಕ್ಕಲಿನ ತಕರಾರು ಎದ್ದಿದೆಯೆಂದು ಹೇಳಿಬಿಟ್ಟರು.

"ವಲದತ್ರ ನಮ್ಮೋರು ಯಾರವ್ರೆ?"

"ಯಾರೂ ಇಲ್ಲ. ನಿನ್ನ ಬಿಟ್ಟು ಹೇಗೆ ಹೋಗ್ಲತ್ತೆ?"

"ನಿಮ್ಮಪ್ಪ ಅವ್ನಲ್ಲ ನನ್ನತ್ರ. ನೀನೋಗ್ಲಾ."

ಹೋದೆ. ಬದುವಿನ ಮೇಲೆ ಹೊಲದವರು ದೊಣ್ಣೆ ಹಿಡಿದು ನಿಂತಿದ್ದರು. ನಾನು ಸಾಲಿಗಿಳಿದು ಮಣ್ಣು ಕೆದಕಲು ಕೂತೆ. ಕೂಲಿಕೇರಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು. ಅತ್ತೆ ಹೋದಳೆಂಬ ಸುದ್ದಿ ನನ್ನನ್ನು ತಲುಪಿದ್ದು ಅಲ್ಲೇ. ನಾನು ಏಳಹೊರಟಾಗ ಎದುರಿಗಿದ್ದ ಚೆನ್ನಿ ಅಳುತ್ತಲೇ ಹೇಳಿದಳು: "ಏಳ್ಬ್ಯಾಡಿ ಅಣ್ಣಯ್ಯ. ನೀವೆದ್ರೆ ಅವ್ರು ಇಳಿದು ಬತ್ತಾರೆ."

ಸಾಲು ಮುಗಿಯುವವರೆಗೆ ನಾನು ಏಳಲಿಲ್ಲ.