ಗೆಲ್ಲಬಾರದಿದ್ದ ಪಂದ್ಯ

ಟೊಲೀಡೊ ತಂಡದಿಂದ ಕರೆ ಬಂದಾಗ ವೆಂಡೆಲ್ ಟಾಲಿವರ್ ಅತ್ತುಬಿಟ್ಟ. ಮೂವತ್ಮೂರು ತುಂಬಿದ್ದ ಅವನು ಸಣ್ಣಪುಟ್ಟ ಲೀಗುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತ, ಬಸ್ಸಿನಲ್ಲೇ ಉಂಡು ಮಲಗಿ ಯೌವನ ಕಳೆದಿದ್ದ. ಈಗ ದೊಡ್ಡ ಲೀಗು, ಅದೂ ಹುಟ್ಟೂರಿನ ತಂಡ. ಹತ್ತು ದಿನದ ಕರಾರು. ಚೆನ್ನಾಗಿ ಆಡಿದರೆ ಮುಂದುವರಿಸುತ್ತಾರೆಂದು ನಂಬಿದ.

ಅವನನ್ನು ಕರೆಸಿದ್ದೇ ಚೆನ್ನಾಗಿ ಆಡಲಾರ ಎಂಬ ಭರವಸೆಯಿಂದ. ಲೀಗಿನ ಪದ್ಧತಿಯೇ ಹಾಗಿತ್ತು: ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮುಂದಿನ ವರ್ಷದ ಹೊಸ ಹುಡುಗರಲ್ಲಿ ಮೊದಲಿಗನನ್ನು ಆರಿಸಿಕೊಳ್ಳುವ ಅವಕಾಶ ಸಿಗುವ ಸಂಭವ ಹೆಚ್ಚು. ಆ ಸಲ ಏಳಡಿಯ ಹುಡುಗನೊಬ್ಬ ಬರುವವನಿದ್ದ. ಸರಿ, ಮಾರ್ಚ್ ಬಂದದ್ದೇ ತಡ, ಟೊಲೀಡೊದ ಒಳ್ಳೆಯ ಆಟಗಾರರಿಗೆಲ್ಲ ಒಟ್ಟಿಗೆ ಮಂಡಿನೋವು ಬಂತು. ಬೆಳಿಗ್ಗೆ ಅಭ್ಯಾಸದಲ್ಲಿ ಕುಪ್ಪಳಿಸಿದವರು ಸಂಜೆ ಸೂಟು ತೊಟ್ಟು ಬೆಂಚಿನಲ್ಲಿ ಕೂರುತ್ತಿದ್ದರು. ಈ ನಾಚಿಕೆಗೆಟ್ಟ ಕೆಲಸಕ್ಕೆ ಮಾಲೀಕರಿಟ್ಟ ಹೆಸರು ತಂಡ ಕಟ್ಟುವುದು. ವೆಂಡೆಲ್‌ಗೂ ಇದೆಲ್ಲ ಗೊತ್ತಿತ್ತು. ತನ್ನನ್ನೂ ಸೋಲಲೆಂದೇ ಕರೆಸಿದ್ದಾರೆ ಎಂಬುದನ್ನು ಮಾತ್ರ ಮನಸ್ಸು ಒಪ್ಪಲಿಲ್ಲ.

ಕಾರಿನ ಕಾರ್ಖಾನೆಯಿಂದ ನಿವೃತ್ತನಾದ ಅಪ್ಪ ಓಟಿಸ್ ಆ ತಂಡದ ಪರಮಭಕ್ತ. ಪಂದ್ಯದ ದಿನ ಮಗನ ಮುಂದೆ ಬೇಯಿಸಿದ ಮೊಟ್ಟೆ ಇಟ್ಟು ಹೇಳಿದ:

"ಲೋ, ಇವತ್ತು ಸೋತ್ರೆ ಕೊನೇ ಸ್ಥಾನ ಗ್ಯಾರಂಟಿ ಕಣೋ. ಸಾಯೋದ್ರೊಳಗೆ ಒಂದು ಕಪ್ ನೋಡ್ಬೇಕು ನಾನು."

"ಆಡೋನು ನಾನು ಅಪ್ಪ."

"ಆಡು, ಬೇಡ ಅಂದೋರ್ಯಾರು? ಮೂವತ್ತು ಪಾಯಿಂಟ್ ಹಾಕು. ಸೋತು ಬಾ, ಅಷ್ಟೇ."

ವೆಂಡೆಲ್ ನಕ್ಕ. ಅಪ್ಪ ನಗಲಿಲ್ಲ.

ಎದುರಾಳಿಗಳಿಗೂ ಅದೇ ಮಂಡಿನೋವು. ಎರಡೂ ಕಡೆಯವರು ಚೆಂಡನ್ನು ಎಲ್ಲೆಲ್ಲೋ ಎಸೆಯುತ್ತ, ಒಬ್ಬರಿಗೊಬ್ಬರು ದಾರಿ ಬಿಡುತ್ತ ಕೊನೆಯ ಗಳಿಗೆಗೆ ಬಂದರು. ಟೊಲೀಡೊ ಒಂದು ಪಾಯಿಂಟ್ ಹಿಂದಿತ್ತು. ಯಾರದೋ ಕೈ ಜಾರಿದ ಚೆಂಡು ಮೂಲೆಯಲ್ಲಿ ನಿಂತಿದ್ದ ವೆಂಡೆಲ್‌ನ ಕೈಗೆ ಬಂತು. ತಡೆಯಲು ಒಬ್ಬನೂ ಬರಲಿಲ್ಲ. ಹತ್ತು ವರ್ಷ ಅವನು ಕನಸಿನಲ್ಲಿ ಕಂಡಿದ್ದ ಗಳಿಗೆ ಅದು. ಎಸೆದ. ಚೆಂಡು ಬಲೆಯೊಳಗೆ ಇಳಿಯಿತು.

ಮೊದಲು ಇಡೀ ಕ್ರೀಡಾಂಗಣ ನಿಟ್ಟುಸಿರು ಬಿಟ್ಟಿತು. ಆಮೇಲೆ ಬೂ ಎಂಬ ಧಿಕ್ಕಾರದ ಕೂಗು ಶುರುವಾಯಿತು, ಮೇಲಿನ ಸಾಲಿನಿಂದ ಕೆಳಗಿನವರೆಗೆ. ಗೆದ್ದ ತಮ್ಮದೇ ಹುಡುಗನಿಗೆ ಊರಿಗೆ ಊರೇ ಹೀಗೆ ಕೂಗಿತು. ಮೇಲೆತ್ತಿದ ಕೈಯನ್ನು ಏನು ಮಾಡಬೇಕೆಂದು ವೆಂಡೆಲ್‌ಗೆ ತಿಳಿಯಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಅವನ ಬೆನ್ನು ತಟ್ಟಲಿಲ್ಲ. ತರಬೇತುದಾರ ಸಲಜಾರ್ ಬಾಗಿಲ ಬಳಿ ಹಿಡಿದು ನಿಲ್ಲಿಸಿದ.

"ಒಳ್ಳೇ ಶಾಟ್ ಕಣಯ್ಯ. ಆದ್ರೆ ನಾಳೆಯಿಂದ ನೀನು ಬೆಂಚಲ್ಲೇ. ಕರಾರು ಮುಂದುವರಿಸಲ್ವಂತೆ, ಮೇಲಿನೋರ ಮಾತು."

"ಗೆಲ್ಸಿದ್ದೀನಲ್ಲ ಕೋಚ್?"

"ಅದಕ್ಕೇ."

ಪಂದ್ಯ ನೋಡಲು ಬಂದಿದ್ದ ಅಪ್ಪನ ಕಾರಿನಲ್ಲೇ ಇಬ್ಬರೂ ಹೊರಟು ನದಿಯ ಸೇತುವೆ ಹತ್ತಿದರು. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ. ಅವನ ದನಿ ಕೂಗಿ ಕಟ್ಟಿದ ಹಾಗಿತ್ತು.

"ಅಪ್ಪ, ನೀನೂ ಕೂಗಿದ್ಯಾ?"

ಓಟಿಸ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಎಲ್ರೂ ಕೂಗ್ತಿದ್ರಲ್ಲೋ," ಅಂದ.