ಅತ್ತೆ ಬೇಯಿಸಿದ ಹಲ್ಲಿನ ಪ್ಲೇಟು

ತರಕಾರಿ ಮಾರುವವಳಿಗೆ ಬಾಯಿಯೇ ಬಂಡವಾಳ. ತೊಂಬತ್ತರ ದಶಕದ ಕೊನೆಯಲ್ಲಿ, ಗಾಂಧಿಬಜಾರಿನ ನಮ್ಮ ಅಂಗಡಿಯಲ್ಲಿ ಆ ಬಂಡವಾಳಕ್ಕೇ ಕಲ್ಲು ಬಿತ್ತು. ಬೆಳಿಗ್ಗೆ ಎದ್ದರೆ ದವಡೆ ಬಿಗಿದು ಬಾಯಿಗೆ ಎರಡು ಬೆರಳೂ ಹಿಡಿಸುತ್ತಿರಲಿಲ್ಲ. ಕೆನ್ನೆಯಿಂದ ನೆತ್ತಿಯವರೆಗೆ ನೋವು. ನಾನು "ಬೀನ್ಸ್, ಎಳೇ ಬೀನ್ಸ್" ಎಂದು ಕೂಗುವಷ್ಟರಲ್ಲಿ ಗಿರಾಕಿಗಳು ಪಕ್ಕದ ಅಂಗಡಿಯಲ್ಲಿ ಚೀಲ ಬಿಚ್ಚಿರುತ್ತಿದ್ದರು.

"ನಿದ್ದೇಲಿ ಹಲ್ಲು ಕಡೀತೀಯ, ಹೊಟ್ಟೇಲಿ ಹುಳ ಇರ್ಬೇಕು" ಎಂದು ಅತ್ತೆ ಹಾಗಲಕಾಯಿ ರಸ ಕೊಟ್ಟರು. ಕುಡಿದೆ. ಮದುವೆಯಾಗಿ ಹನ್ನೆರಡು ವರ್ಷ, ಅವರು ಕೊಟ್ಟದ್ದನ್ನೂ ಅಂದದ್ದನ್ನೂ ನುಂಗಿಕೊಂಡೇ ಬಂದವಳು ನಾನು. ಹುಳ ಇದ್ದಿದ್ದರೆ ಸತ್ತೇ ಹೋಗುತ್ತಿತ್ತು. ನೋವು ಮಾತ್ರ ಹೋಗಲಿಲ್ಲ.

ಶಂಕರಪುರಂನ ಹಲ್ಲಿನ ಡಾಕ್ಟರಮ್ಮ ಕೆನ್ನೆ ಒತ್ತಿ ನೋಡಿ, "ಹಲ್ಲು ಚೆನ್ನಾಗಿದೆಯಮ್ಮ. ರಾತ್ರಿಯೆಲ್ಲ ಕಡಿದೂ ಕಡಿದೂ ದವಡೆ ಸ್ನಾಯು ಸೋತಿದೆ" ಎಂದರು. ಅಚ್ಚು ತೆಗೆದು, ಮೇಲಿನ ಸಾಲಿಗೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಪ್ಲೇಟು ಮಾಡಿಸಿಕೊಟ್ಟರು. ಮಲಗುವಾಗ ಹಾಕಿಕೊಳ್ಳಬೇಕು, ಹಗಲು ತಣ್ಣೀರಿನಲ್ಲಿ ಇಡಬೇಕು. ಮೊದಲೆರಡು ದಿನ ಬರೀ ಜೊಲ್ಲು. ತಿಂಗಳು ಕಳೆಯುವಷ್ಟರಲ್ಲಿ ಬಾಯಿಗೆ ಮೂರು ಬೆರಳು ಹಿಡಿಸಿತು, ನನ್ನ ಕೂಗು ಮತ್ತೆ ಬೀದಿಯ ತುದಿಗೆ ಕೇಳಿಸಿತು. ಖುಷಿಯೋ ಖುಷಿ.

ಆದರೆ ಎಂಜಲು ವಸ್ತುವೊಂದು ಅಡುಗೆಮನೆಯ ಕಟ್ಟೆಯ ಮೇಲಿರುವುದನ್ನು ಅತ್ತೆ ಎಷ್ಟು ದಿನ ಸಹಿಸಿಯಾರು? ಒಂದು ಮಧ್ಯಾಹ್ನ ಅಂಗಡಿಯಿಂದ ಬಂದರೆ ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿದೆ, ಅದರೊಳಗೆ ನನ್ನ ಪ್ಲೇಟು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದೆ.

"ಎಂಜಲು ಹೋಗ್ಲಿ ಅಂತ ಕುದಿಸ್ದೆ ಕಣೇ. ಈಗ ಶುದ್ಧ ಆಯ್ತು ನೋಡು."

ಆಗ ಬಂತು ನನಗೆ ಕೋಪ. "ಅತ್ತೆ, ನಿಮಗೇನಾದ್ರೂ ಬುದ್ಧಿ ಇದ್ಯಾ? ನನ್ನ ಬಾಯಿ ಬಿದ್ದೋದ್ರೆ ಅಂಗಡಿ ನೀವು ನಡೆಸ್ತೀರಾ?" ಎಂದು ಕಿರುಚಿದೆ. ಅಲ್ಲಿಗೇ ನಿಲ್ಲಿಸಲಿಲ್ಲ. ಮದುವೆಮನೆಯಲ್ಲಿ ನನ್ನ ಅಪ್ಪನಿಗೆ ಅವರು ಅಂದ ಮಾತಿನಿಂದ ಶುರುಮಾಡಿ ಒಂದನ್ನೂ ಬಿಡದೆ ಎತ್ತಿ ಆಡಿದೆ.

ಅತ್ತೆ ಇಕ್ಕಳದಿಂದ ಪಾತ್ರೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಇಷ್ಟೆಲ್ಲ ಒಳಗಿಟ್ಕೊಂಡು ಮಲಗಿದ್ರೆ ಹಲ್ಲು ಕಡೀದೆ ಇನ್ನೇನ್ಮಾಡ್ತೀಯ? ಹಗಲೇ ಬೈಬಾರ್ದಾಗಿತ್ತಾ!"

ನನಗೆ ಮೊದಲು ಅಳು ಬಂತು, ಆಮೇಲೆ ನಗು.

ಮರುದಿನ ಅವರೇ ನನ್ನ ಜೊತೆ ಬಂದು, "ನಾನೇ ಬೇಯಿಸ್ಬಿಟ್ಟೆ ತಾಯಿ, ಇವಳ್ದೇನೂ ತಪ್ಪಿಲ್ಲ" ಎಂದು ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡರು. ಹೊಸ ಪ್ಲೇಟು ಬಂತು. ಅವರು ಇರುವವರೆಗೂ, ನಾನು ಅದನ್ನು ಬಾಯಿಗೆ ಹಾಕಿಕೊಳ್ಳುವ ಮುಂಚೆ ದಿನವೂ ಕೇಳುತ್ತಿದ್ದರು: "ಇವತ್ತು ನಂಗೇನಾದ್ರೂ ಹೇಳೋದಿದ್ಯಾ?"

ಇದ್ದರೆ ಹೇಳಿಯೇ ಮಲಗುತ್ತಿದ್ದೆ.